‘ರಫ್-ಹ್ಯೂನ್’: ಒಂದು ಇಂಗ್ಲಿಷ್ ಪದದ ಅರ್ಥವ್ಯಾಪ್ತಿ ಮತ್ತು ಬಳಕೆ

ಇಂಗ್ಲಿಷಿನ ‘ರಫ್-ಹ್ಯೂನ್’ ಎಂಬ ಸಮಾಸಪದವು ಕನ್ನಡಕ್ಕೆ ಬರುವಾಗ ಸಾಮಾನ್ಯವಾಗಿ ‘ಒರಟಾದ’, ‘ನಯವಿಲ್ಲದ’, ‘ಒಡ್ಡೊಡ್ಡಾದ’ ಎಂಬ ರೂಪಗಳನ್ನು ತಾಳುತ್ತದೆ. ವ್ಯಕ್ತಿಯನ್ನು ಕುರಿತು ಪ್ರಯೋಗವಾದಾಗ ‘ಅಸಂಸ್ಕೃತ’ ಎಂಬವರೆಗೂ ಹೋಗುವುದುಂಟು. ಈ ಪರ್ಯಾಯಗಳನ್ನು ತಪ್ಪೆಂದು ತಳ್ಳಿಹಾಕಲಾಗದು. ಆದರೆ ಇವೆಲ್ಲವೂ ಒಂದೇ ಬಗೆಯ ಕೊರತೆಯಿಂದ ಕೂಡಿವೆ. ವಸ್ತುವಿನ ಮೈ ಹೇಗಿದೆ ಎಂಬುದನ್ನು ಇವು ಹೇಳುತ್ತವೆಯೇ ಹೊರತು ಆ ಮೈಯ ಮೇಲೆ ಯಾವ ಕೆಲಸ ನಡೆದಿದೆ ಎಂಬುದನ್ನು ಹೇಳುವುದಿಲ್ಲ. ಮೂಲಪದದಲ್ಲಿ ‘ರಫ್’ ಎಂಬುದು ವಿಶೇಷಣವಾದರೆ ‘ಹ್ಯೂನ್’ ಎಂಬುದು ಭೂತಕೃದಂತ. ಅಂದರೆ, ಕೈಯೊಂದು ಆಯುಧ ಹಿಡಿದು ಆ ವಸ್ತುವನ್ನು ಈಗಾಗಲೇ ಕಡಿದು ಒಂದು ಆಕಾರಕ್ಕೆ ತಂದಿದೆ ಎಂಬ ಸೂಚನೆ ಪದದ ರಚನೆಯಲ್ಲಿಯೇ ಅಡಕವಾಗಿದೆ. ಕಾಡಿನಲ್ಲಿ ಬಿದ್ದಿರುವ ಬಂಡೆ ಒರಟಾಗಿರುತ್ತದೆ. ಅದು ‘ರಫ್-ಹ್ಯೂನ್’ ಅಲ್ಲ. ಉಳಿಯೇಟು ಬಿದ್ದು, ಮೂಲೆಗಳು ಹೆಚ್ಚುಕಡಿಮೆ ಮೂಡಿ, ಇನ್ನೂ ನುಣುಪು ಕಾಣದ ಕಲ್ಲು ಮಾತ್ರ ಆ ಹೆಸರಿಗೆ ಅರ್ಹ. ಈ ವ್ಯತ್ಯಾಸವು ಸೂಕ್ಷ್ಮವಾಗಿ ತೋರಿದರೂ ಅನುವಾದದಲ್ಲಿ ಇದು ಕೈತಪ್ಪಿದರೆ ಹೊಗಳಿಕೆ ಬೈಗುಳವಾಗುತ್ತದೆ. ವಾಣಿಜ್ಯದ ಬರೆಹದಲ್ಲಾದರೆ ಒಂದು ವಸ್ತು ಇನ್ನೊಂದಾಗಿಬಿಡುತ್ತದೆ.

‘ಹ್ಯೂ’ ಎಂಬ ಕ್ರಿಯಾಪದವು ಇಂಗ್ಲಿಷಿನ ಅತ್ಯಂತ ಹಳೆಯ ಪದಸ್ತರಕ್ಕೆ ಸೇರಿದುದು. ಹಳೆಯ ಇಂಗ್ಲಿಷಿನಲ್ಲಿ ಇದರ ರೂಪ ‘ಹೇಅವಾನ್’. ಜರ್ಮನಿನ ‘ಹೌಎನ್’, ಹಳೆಯ ನಾರ್ಸ್ ಭಾಷೆಯ ‘ಹೊಗ್ವ’ ಇದರ ಸೋದರ ರೂಪಗಳು. ಇವೆಲ್ಲಕ್ಕೂ ಮೂಲವಾದ ಇಂಡೋ-ಯುರೋಪಿಯನ್ ಧಾತುವಿಗೆ ಹೊಡೆಯುವುದು, ಕಡಿಯುವುದು ಎಂಬ ಅರ್ಥವನ್ನು ಭಾಷಾವಿದರು ಊಹಿಸಿದ್ದಾರೆ. ಗುದ್ದಲಿಯನ್ನು ಹೇಳುವ ‘ಹೋ’ ಎಂಬ ಇಂಗ್ಲಿಷ್ ಪದವು ಇದೇ ಜರ್ಮಾನಿಕ್ ಬೇರಿನಿಂದ ಹೊರಟು, ಫ್ರೆಂಚ್ ಭಾಷೆಯನ್ನು ಸುತ್ತಿಕೊಂಡು ಇಂಗ್ಲಿಷಿಗೆ ಮರಳಿ ಬಂದುದು. ಚೌಕಾಸಿ ಮಾಡುವುದನ್ನು ಸೂಚಿಸುವ ‘ಹ್ಯಾಗಲ್’ ಕೂಡ ನಾರ್ಸ್ ಶಾಖೆಯ ಮೂಲಕ ಬಂದ ನೆಂಟನೇ. ಅದರ ಮೊದಲ ಅರ್ಥ ಅಡ್ಡಾದಿಡ್ಡಿ ಕೊಚ್ಚುವುದೆಂದು. ಬೆಲೆಯನ್ನು ಕೊಚ್ಚುವ ಅರ್ಥ ಅನಂತರದ್ದು. ‘ಹ್ಯೂ’ ಹಿಂದೆ ಪ್ರಬಲ ಕ್ರಿಯಾಪದಗಳ ಗುಂಪಿಗೆ ಸೇರಿತ್ತು. ಕಾಲಕ್ರಮದಲ್ಲಿ ಭೂತಕಾಲದ ರೂಪವು ‘ಹ್ಯೂಡ್’ ಎಂದು ಸಾಮಾನ್ಯ ಕ್ರಿಯಾಪದಗಳ ದಾರಿ ಹಿಡಿದರೂ ಕೃದಂತದಲ್ಲಿ ಹಳೆಯ ನಕಾರಾಂತ್ಯವೇ ಉಳಿದುಕೊಂಡಿತು. ಇಂದು ದಿನಬಳಕೆಯ ಇಂಗ್ಲಿಷಿನಲ್ಲಿ ‘ಹ್ಯೂ’ ಅಪರೂಪದ ಕ್ರಿಯಾಪದ. ‘ಕಟ್’, ‘ಚಾಪ್’ ಅದರ ಜಾಗವನ್ನು ಆಕ್ರಮಿಸಿವೆ. ಕೃದಂತವಾದ ‘ಹ್ಯೂನ್’ ಮಾತ್ರ ಸಮಾಸಗಳಲ್ಲಿ ಗಟ್ಟಿಯಾಗಿ ನಿಂತಿದೆ. ಕಸುಬು ಹಿಂದೆ ಸರಿದ ಮೇಲೂ ಅದರ ಫಲವನ್ನು ಹೆಸರಿಸುವ ಪದ ಬದುಕುಳಿಯುವುದು ಭಾಷೆಗಳಲ್ಲಿ ಹೊಸತೇನಲ್ಲ.

ಈ ಪದದ ಅರ್ಥವು ಸ್ಪಷ್ಟವಾಗಬೇಕಾದರೆ ಅದು ಹುಟ್ಟಿದ ಕೆಲಸವನ್ನು ನೋಡಬೇಕು. ಇಂಗ್ಲೆಂಡಿನಲ್ಲಿ ಮಧ್ಯಯುಗದ ಮನೆ ಮತ್ತು ಕಣಜಗಳಿಗೆ ಬಳಸಿದ ಓಕ್ ಮರದ ತೊಲೆಗಳನ್ನು ಮರ ಹಸಿಯಾಗಿರುವಾಗಲೇ ಕೊಡಲಿಯಿಂದ ಚೌಕಗೊಳಿಸುತ್ತಿದ್ದರು. ಒಣಗಿದ ಓಕ್ ಆಯುಧಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಉರುಳಿಸಿದ ದಿಮ್ಮಿಯನ್ನು ಅಡ್ಡಮರಗಳ ಮೇಲೆ ಅಲುಗದಂತೆ ಕೂರಿಸಿ, ಸುಣ್ಣದ ಪುಡಿಯನ್ನೋ ಮಸಿಯನ್ನೋ ಸವರಿದ ದಾರವನ್ನು ಎರಡು ತುದಿಗಳಿಗೆ ಬಿಗಿದು ಮೀಟಿದರೆ ಉದ್ದಕ್ಕೂ ನೇರವಾದ ಗೆರೆ ಮೂಡುತ್ತದೆ. ಮೊದಲು ಸಾಮಾನ್ಯ ಕೊಡಲಿಯಿಂದ ಆ ಗೆರೆಯ ಸಮೀಪದವರೆಗೆ ಅಲ್ಲಲ್ಲಿ ಕಚ್ಚುಗಳನ್ನು ಹಾಕುತ್ತಾರೆ. ಎರಡು ಕಚ್ಚುಗಳ ನಡುವಿನ ಮರವನ್ನು ದಪ್ಪ ದಪ್ಪ ಚಕ್ಕೆಗಳಾಗಿ ಎಬ್ಬಿಸುತ್ತಾರೆ. ಆಮೇಲೆ ಬರುವುದು ಅಗಲ ಅಲಗಿನ ಕೊಡಲಿ. ಇದರ ಅಲಗಿಗೆ ಹಲವೊಮ್ಮೆ ಒಂದೇ ಮಗ್ಗುಲಲ್ಲಿ ಇಳಿಜಾರು ಸಾಣೆ ಹಿಡಿದಿರುತ್ತದೆ. ಮತ್ತೊಂದು ಮಗ್ಗುಲು ಚಪ್ಪಟೆಯಾಗಿ ಮರದ ಮೈಗೆ ಅಂಟಿಕೊಂಡು ಇಳಿಯುತ್ತದೆ. ಗೆರೆಗೆ ಸರಿಯಾಗಿ ಇದರಿಂದ ಕಡಿದಾಗ ದಿಮ್ಮಿಗೆ ಒಂದು ಮುಖ ಬರುತ್ತದೆ. ನಾಲ್ಕೂ ಕಡೆ ಹೀಗೆ ಮಾಡಿದರೆ ದುಂಡನೆಯ ಮರ ತೊಲೆಯಾಗುತ್ತದೆ. ಅಲ್ಲಲ್ಲಿ ಕಚ್ಚಿನ ಗುರುತು ಉಳಿದಿರುತ್ತದೆ, ಮೂಲೆಗಳಲ್ಲಿ ತೊಗಟೆಯ ಎಳೆಯೂ ಇರಬಹುದು. ಈ ಹಂತದ ತೊಲೆಯೇ ‘ರಫ್-ಹ್ಯೂನ್’. ಇದರ ಮೇಲೆ ಬಾಚಿ ಆಡಿಸುವುದು, ಉಜ್ಜುಗೊರಡು ಹಿಡಿಯುವುದು ಮುಂದಿನ ಮಾತು. ಗೋಡೆಯೊಳಗೆ ಮರೆಯಾಗುವ ತೊಲೆಗೆ ಆ ಮುಂದಿನ ಕೆಲಸದ ಅಗತ್ಯವೇ ಇರುತ್ತಿರಲಿಲ್ಲ.

ಹಾಗಾಗಿ ‘ರಫ್’ ಎಂಬ ವಿಶೇಷಣವು ಇಲ್ಲಿ ಅಲಕ್ಷ್ಯವನ್ನಾಗಲಿ ಕೈಬಾರದ ಕೆಲಸವನ್ನಾಗಲಿ ಸೂಚಿಸುವುದಿಲ್ಲ. ಕೆಲಸದ ಒಂದು ಹಂತವನ್ನು ಸೂಚಿಸುತ್ತದೆ. ದಾರದ ಗೆರೆಗೆ ತಪ್ಪದೆ ಕೊಡಲಿ ಬೀಸುವುದು ಬಹಳ ನುರಿತವನಿಗೆ ಮಾತ್ರ ಸಾಧ್ಯ. ಅಮೆರಿಕದ ಇಂಗ್ಲಿಷಿನಲ್ಲಿ ‘ಹ್ಯೂ ಟು’ ಎಂಬ ನುಡಿಗಟ್ಟಿಗೆ ನಿಯಮಕ್ಕೆ ಬಿಗಿಯಾಗಿ ಬದ್ಧನಾಗಿರು ಎಂಬ ಅರ್ಥ ಬಂದದ್ದು ಈ ಗೆರೆಯಿಂದಲೇ. ಪಕ್ಷದ ನಿಲುವಿಗೆ, ಮೂಲಪಾಠಕ್ಕೆ, ಕಾನೂನಿನ ಅಕ್ಷರಕ್ಕೆ ಅಂಟಿಕೊಂಡು ನಡೆಯುವುದನ್ನು ಅಲ್ಲಿನ ಪತ್ರಿಕೆಗಳು ಇಂದಿಗೂ ಹೀಗೆ ಬರೆಯುತ್ತವೆ. ಕಡಿಯುವುದನ್ನು ಹೇಳುವ ಪದವೇ ಅಂಟಿಕೊಳ್ಳುವುದನ್ನು ಹೇಳುವ ಈ ವಿರೋಧಾಭಾಸವು ಕಸುಬನ್ನು ಕಾಣದ ಅನುವಾದಕನನ್ನು ದಾರಿತಪ್ಪಿಸದೆ ಬಿಡದು.

ಕಲ್ಲಿನ ವಿಷಯದಲ್ಲಿ ಪದದ ಹಿನ್ನೆಲೆ ತುಸು ಬೇರೆ. ಗಣಿಯಿಂದ ಎಬ್ಬಿಸಿದ ಕಲ್ಲನ್ನು ಕಟ್ಟಡದ ಸ್ಥಳಕ್ಕೆ ಸಾಗಿಸುವ ಮುನ್ನ ಅನಗತ್ಯವಾದ ಉಬ್ಬುಗಳನ್ನು ಗಣಿಯಲ್ಲಿಯೇ ತೆಗೆಯುವುದು ಲಾಭಕರ; ಎಸೆಯಬೇಕಾದ ಭಾರವನ್ನು ಹೊತ್ತು ತರುವುದರಲ್ಲಿ ಅರ್ಥವಿಲ್ಲ. ಜೊತೆಗೆ, ಸುಣ್ಣಕಲ್ಲು, ಮರಳುಗಲ್ಲುಗಳಂತಹ ಹಲವು ಬಗೆಯ ಕಲ್ಲುಗಳು ನೆಲದಿಂದ ಹೊಸದಾಗಿ ತೆಗೆದಾಗ ಒಳಗಿನ ತೇವದಿಂದಾಗಿ ಮೆತ್ತಗಿದ್ದು, ಗಾಳಿಗೆ ಆರಿದಂತೆ ಗಡುಸಾಗುತ್ತವೆ. ಈ ಮೊದಲ ಕೆತ್ತನೆಗೆ ಇಂಗ್ಲಿಷಿನ ಕಲ್ಲುಕುಟಿಗರಲ್ಲಿ ‘ಸ್ಕ್ಯಾಬಲ್’ ಎಂಬ ಪ್ರತ್ಯೇಕ ಕ್ರಿಯಾಪದವೇ ಇದೆ. ಅದು ಕಸುಬಿನ ಅಂಗಳ ದಾಟಿ ಸಾಹಿತ್ಯಕ್ಕೆ ಬರಲಿಲ್ಲ. ಮರಕ್ಕೂ ಕಲ್ಲಿಗೂ ಸಮಾನವಾಗಿ ಸಲ್ಲುವ ‘ರಫ್-ಹ್ಯೂನ್’ ಬಂದಿತು. ಹೀಗೆ ಎರಡು ಕಸುಬುಗಳ ನಡುವೆ ನಿಂತ ಪದವು ಮೂರನೆಯದಕ್ಕೆ, ಎಂದರೆ ರೂಪಕಕ್ಕೆ, ಸುಲಭವಾಗಿ ಒದಗಿತೆಂದು ಭಾವಿಸಬಹುದು.

ಕೆತ್ತಿದ ಮತ್ತು ಕೆತ್ತದ ಕಲ್ಲುಗಳ ನಡುವಣ ಭೇದವು ಇಂಗ್ಲಿಷ್ ಓದುಗರ ಮನಸ್ಸಿನಲ್ಲಿ ಆಳವಾಗಿ ಊರಿರುವುದಕ್ಕೆ 1611ರ ಬೈಬಲ್ ಅನುವಾದವೂ ಕಾರಣ. ವಿಮೋಚನಕಾಂಡದ ಇಪ್ಪತ್ತನೆಯ ಅಧ್ಯಾಯದಲ್ಲಿ, ಬಲಿಪೀಠವನ್ನು ಕಲ್ಲಿನಿಂದ ಕಟ್ಟುವುದಾದರೆ ಕೆತ್ತಿದ ಕಲ್ಲನ್ನು ಬಳಸಬಾರದು, ಆಯುಧ ಸೋಕಿದರೆ ಅದು ಅಪವಿತ್ರವಾಗುತ್ತದೆ ಎಂಬ ವಿಧಿಯಿದೆ. ಅರಸುಗಳು ಮೊದಲನೆಯ ಭಾಗದ ಆರನೆಯ ಅಧ್ಯಾಯದಲ್ಲಿ ಸೊಲೊಮೋನನ ದೇವಾಲಯಕ್ಕೆ ಬೇಕಾದ ಕಲ್ಲುಗಳು ಮೊದಲೇ ಸಿದ್ಧವಾಗಿ ಬಂದುದರಿಂದ ಕಟ್ಟುವ ಸ್ಥಳದಲ್ಲಿ ಸುತ್ತಿಗೆ, ಕೊಡಲಿಗಳ ಸದ್ದೇ ಕೇಳಲಿಲ್ಲವೆಂಬ ವರ್ಣನೆ ಬರುತ್ತದೆ. ಯೆಹೋಶುವನ ಗ್ರಂಥದಲ್ಲಿ ಗಿಬ್ಯೋನ್ಯರನ್ನು ಕಟ್ಟಿಗೆ ಕಡಿಯುವ, ನೀರು ಹೊರುವ ಊಳಿಗಕ್ಕೆ ನೇಮಿಸುವ ಪ್ರಸಂಗದಲ್ಲಿಯೂ ಇದೇ ಧಾತುವಿನ ನಾಮಪದವು ಬಳಕೆಯಾಗಿದ್ದು, ಕೀಳೆಂದು ಎಣಿಸಲಾದ ದುಡಿಮೆಗೆ ಅದು ಇಂಗ್ಲಿಷಿನಲ್ಲಿ ನಾಣ್ನುಡಿಯಂತೆ ನಿಂತಿದೆ. ಇವುಗಳಲ್ಲಿ ಬಲಿಪೀಠದ ಕಲ್ಲು ಹೆಚ್ಚು ಗಮನಾರ್ಹ. ಅದು ‘ಅನ್‌ಹ್ಯೂನ್’, ಆಯುಧ ಕಾಣದ್ದು. ‘ರಫ್-ಹ್ಯೂನ್’ ಬಲಿಪೀಠಕ್ಕೆ ಸಲ್ಲದು. ಅದರ ಮೇಲೆ ಆಗಲೇ ಆಯುಧ ಬಿದ್ದಿದೆ. ಕನ್ನಡದಲ್ಲಿ ಎರಡನ್ನೂ ‘ಒರಟುಗಲ್ಲು’ ಎಂದರೆ ವಿಧಿಯ ತಿರುಳೇ ಮಾಯವಾಗುತ್ತದೆ.

ಇಂತಹದೇ ಗೆರೆಯನ್ನು ಇಂದಿನ ಅಂತರರಾಷ್ಟ್ರೀಯ ವ್ಯಾಪಾರವೂ ಎಳೆಯುತ್ತದೆ. 1988ರಲ್ಲಿ ಜಾರಿಗೆ ಬಂದ ಸರಕುಗಳ ಏಕರೂಪ ವರ್ಗೀಕರಣ ವ್ಯವಸ್ಥೆಯಲ್ಲಿ 4403ನೆಯ ಶೀರ್ಷಿಕೆಯು ಸಂಸ್ಕರಿಸದ ಮರಕ್ಕೆ ಮೀಸಲಾಗಿದ್ದು, ‘ರಫ್ಲಿ ಸ್ಕ್ವೇರ್ಡ್’ ಎಂದರೆ ಕೊಡಲಿ ಅಥವಾ ಬಾಚಿಯಿಂದಲೋ ಒರಟು ಗರಗಸದಿಂದಲೋ ಸುಮಾರಾಗಿ ಚೌಕಗೊಳಿಸಿದ ದಿಮ್ಮಿಯನ್ನೂ ಅದರೊಳಗೇ ಸೇರಿಸುತ್ತದೆ. ಉದ್ದಕ್ಕೆ ಕೊಯ್ದು 6 ಮಿಲಿಮೀಟರಿಗಿಂತ ದಪ್ಪವಾಗಿ ಮಾಡಿದ ಹಲಗೆ, ಪಕಾಸಿಗಳು 4407ಕ್ಕೆ ಹೋಗುತ್ತವೆ. ಗ್ರಾನೈಟಿನಲ್ಲಿಯೂ ಹಾಗೆಯೇ. ಗಣಿಯಿಂದ ಬಂದ ಕಚ್ಚಾ ಕಲ್ಲು ಮತ್ತು ಒರಟಾಗಿ ಸವರಿದ ಕಲ್ಲು 2516ರ ಒಂದು ಉಪಶೀರ್ಷಿಕೆಯಲ್ಲಿ ಜೊತೆಯಾಗಿವೆ. ಬರಿದೆ ಕತ್ತರಿಸಿ ಆಯತಾಕಾರಕ್ಕೆ ತಂದ ಕಲ್ಲಿಗೆ ಇನ್ನೊಂದು ಉಪಶೀರ್ಷಿಕೆ. ಅದಕ್ಕಿಂತ ಮುಂದುವರಿದ ಕೆಲಸ ಕಂಡ ಕಟ್ಟಡಗಲ್ಲಿಗೆ ಬೇರೆ ಅಧ್ಯಾಯವೇ ಇದ್ದು, ಅದರ ಶೀರ್ಷಿಕೆ 6802. ಭಾರತದ 1975ರ ಸೀಮಾಸುಂಕ ದರ ಕಾಯಿದೆಯ ಅನುಸೂಚಿಯೂ ಈ ಕ್ರಮವನ್ನೇ ಅನುಸರಿಸುತ್ತದೆ. ಇಳಕಲ್ಲಿನ ಕೆಂಪು ಗ್ರಾನೈಟೂ ಚಾಮರಾಜನಗರದ ಕಪ್ಪು ಕಲ್ಲೂ ಹೊರದೇಶಗಳಿಗೆ ಹೋಗುವಾಗ, ಕಲ್ಲಿನ ಮೇಲೆ ಎಷ್ಟು ಕೆಲಸ ನಡೆದಿದೆ ಎಂಬುದನ್ನು ಹೇಳುವ ವಿಶೇಷಣದ ಮೇಲೆ ಅದರ ವರ್ಗ ನಿಂತಿರುತ್ತದೆ. ಸುಂಕದ ಶೀರ್ಷಿಕೆಗಳಲ್ಲಿ ‘ರಫ್-ಹ್ಯೂನ್’ ಎಂಬ ಪದವೇ ಬಳಕೆಯಾಗಿಲ್ಲ ಎಂಬುದೂ ಗಮನಾರ್ಹ. ಸಾಹಿತ್ಯದ ಬಣ್ಣ ಹಿಡಿದ ಪದವನ್ನು ಕಾನೂನು ದೂರವಿಟ್ಟು, ಅದರ ಒಳಗಿನ ಭೇದವನ್ನು ಮಾತ್ರ ಉಳಿಸಿಕೊಂಡಿದೆ. ‘ರಫ್-ಸಾನ್’, ಅಂದರೆ ಗರಗಸದಿಂದ ಕೊಯ್ದು ಉಜ್ಜದೆ ಬಿಟ್ಟ ಮರ, ಟಿಂಬರ್ ಡಿಪೋಗಳ ಪದ. ‘ರಫ್-ಕಟ್’ ರತ್ನದ ಕೆಲಸದಲ್ಲಿಯೂ ಚಲನಚಿತ್ರ ಸಂಕಲನದಲ್ಲಿಯೂ ನೆಲೆಸಿದೆ. ಇವೆರಡಕ್ಕೂ ‘ರಫ್-ಹ್ಯೂನ್’ ಎಂಬುದರ ಕೊಡಲಿಯ ನೆನಪು ಇಲ್ಲ.

ರೂಪಕವಾಗಿ ಈ ಪದದ ಚರಿತ್ರೆಯಲ್ಲಿ ಅತ್ಯಂತ ಪ್ರಸಿದ್ಧವಾದ ಪ್ರಯೋಗ ಷೇಕ್ಸ್‌ಪಿಯರನದು. ‘ಹ್ಯಾಮ್ಲೆಟ್’ ನಾಟಕದ ಐದನೆಯ ಅಂಕದ ಎರಡನೆಯ ದೃಶ್ಯದಲ್ಲಿ ರಾಜಕುಮಾರನು ಗೆಳೆಯ ಹೊರೇಷಿಯೋಗೆ ಸಮುದ್ರಪ್ರಯಾಣದ ಸಂಗತಿಯನ್ನು ವಿವರಿಸುತ್ತಾನೆ. ನಿದ್ದೆ ಬಾರದ ರಾತ್ರಿ ಏನೋ ಒಂದು ಆವೇಗದಲ್ಲಿ ಎದ್ದು, ರಾಜಮುದ್ರೆಯ ಪತ್ರವನ್ನು ಒಡೆದು ನೋಡಿ, ಅದರಲ್ಲಿ ತನ್ನ ತಲೆ ತೆಗೆಯುವ ಆಜ್ಞೆಯಿದ್ದುದನ್ನು ಕಂಡುಕೊಂಡ ಸಂದರ್ಭವದು. ಯೋಚಿಸಿ ಹೂಡಿದ ಉಪಾಯಗಳು ಸೋತಾಗ ಯೋಚನೆಯಿಲ್ಲದ ದುಡುಕೇ ಕಾಯುವುದುಂಟು ಎಂದು ಹೇಳುತ್ತ ಅವನು ಮನುಷ್ಯಯತ್ನಕ್ಕೆ ‘ರಫ್-ಹ್ಯೂ’ ಎಂಬ ಕ್ರಿಯಾಪದವನ್ನೂ ದೈವಕ್ಕೆ ‘ಶೇಪ್’ ಎಂಬುದನ್ನೂ ಹಂಚುತ್ತಾನೆ. ಮೊದಲ ಕೊಡಲಿಯೇಟು ನರನದು, ಕೊನೆಯ ರೂಪ ಬೇರೆಯವನದು ಎಂಬ ಕಲ್ಪನೆ ಇದು. ಇಲ್ಲಿ ಮನುಷ್ಯನ ಕೆಲಸವು ವ್ಯರ್ಥವೆಂಬ ಧ್ವನಿಯಿಲ್ಲ ಎಂಬುದು ಮುಖ್ಯ. ಮೊದಲ ಕೆತ್ತನೆ ಆಗದಿದ್ದರೆ ರೂಪಕೊಡುವವನಿಗೆ ಸಿಗುವುದು ಬರಿಯ ದಿಮ್ಮಿ.

ಈ ಸಾಲನ್ನು ಕುರಿತು 18ನೆಯ ಶತಮಾನದ ಷೇಕ್ಸ್‌ಪಿಯರ್ ಸಂಪಾದಕ ಜಾರ್ಜ್ ಸ್ಟೀವನ್ಸ್ ತನ್ನ ಟಿಪ್ಪಣಿಯಲ್ಲಿ ದಾಖಲಿಸಿರುವ ಸಂಗತಿಯೊಂದು ಸ್ವಾರಸ್ಯಕರವಾಗಿದೆ. ಕೇಂಬ್ರಿಜಿನ ವಿದ್ವಾಂಸ ರಿಚರ್ಡ್ ಫಾರ್ಮರ್‌ಗೆ, ಉಣ್ಣೆ ಮಾರುವ, ಮಾಂಸ ಕಡಿಯುವ, ಜೊತೆಗೆ ಮರದ ಚೂಪುಗಡ್ಡಿಗಳ ವ್ಯಾಪಾರವನ್ನೂ ಮಾಡುವ ಒಬ್ಬನು ತನ್ನ ಸೋಮಾರಿ ಬಂಧುವೊಬ್ಬನ ಬಗ್ಗೆ ದೂರಿದನಂತೆ: ಆ ಹುಡುಗ ಕಡ್ಡಿಗಳನ್ನು ಒರಟಾಗಿ ಕಡಿದುಕೊಡಬಲ್ಲ ಅಷ್ಟೆ, ತುದಿಗಳನ್ನು ಸರಿಮಾಡುವ ಕೆಲಸ ಮಾತ್ರ ತನ್ನ ಮೇಲೆಯೇ ಬೀಳುತ್ತದೆ. ಅವನು ಬಳಸಿದ ಎರಡು ಕ್ರಿಯಾಪದಗಳೂ ನಾಟಕದಲ್ಲಿರುವ ಎರಡೇ. ಉಣ್ಣೆಯ ಮೂಟೆಗಳನ್ನು ಇಂತಹ ಕಡ್ಡಿಗಳಿಂದ ಚುಚ್ಚಿ ಮುಚ್ಚುತ್ತಿದ್ದರೆಂದು ಸ್ಟೀವನ್ಸ್ ನೆನೆದು, ಷೇಕ್ಸ್‌ಪಿಯರನ ತಂದೆಯ ಕಸುಬಿನತ್ತ ಬೊಟ್ಟುಮಾಡುತ್ತಾನೆ. ಸ್ಟ್ರಾಟ್‌ಫರ್ಡಿನ ಜಾನ್ ಷೇಕ್ಸ್‌ಪಿಯರ್ ಕೈಗವಸು ತಯಾರಕನಾಗಿದ್ದು ಉಣ್ಣೆಯ ವ್ಯಾಪಾರವನ್ನೂ ನಡೆಸಿದವನು. ಮೂಲದಲ್ಲಿನ ‘ಎಂಡ್ಸ್’ ಎಂಬ ಪದವು ಗುರಿ, ಅಂತ್ಯ, ತುದಿ ಎಂಬ ಮೂರು ಅರ್ಥಗಳಲ್ಲಿ ಆಡುವುದು ಈ ಹಿನ್ನೆಲೆಯಲ್ಲಿ ಸ್ಪಷ್ಟವಾಗುತ್ತದೆ. ದೈವವನ್ನು ಕಡ್ಡಿ ಚೂಪು ಮಾಡುವವನ ಮಟ್ಟಕ್ಕೆ ಇಳಿಸಿದಂತಾಯಿತೆಂದು ಯಾರಾದರೂ ಆಕ್ಷೇಪಿಸಬಹುದು. ಆದರೆ ಕುಂಬಾರನನ್ನು ಬ್ರಹ್ಮನಿಗೆ ಹೋಲಿಸಿ ಬಲ್ಲ ಭಾರತೀಯ ಓದುಗನಿಗೆ ಈ ಆಕ್ಷೇಪ ದೊಡ್ಡದೆನಿಸದು. ಕುವೆಂಪು ಅವರ ‘ರಕ್ತಾಕ್ಷಿ’ಯು ಈ ನಾಟಕವನ್ನು ಬಿದನೂರಿನ ಚರಿತ್ರೆಗೆ ಒಗ್ಗಿಸಿದ ರೂಪಾಂತರವಾದ್ದರಿಂದ ಪ್ರತಿಯೊಂದು ರೂಪಕಕ್ಕೂ ಸಮಾನಪದ ಹುಡುಕುವ ಹೊಣೆ ಅದಕ್ಕಿರಲಿಲ್ಲ. ಸಾಲುಸಾಲಾಗಿ ಅನುವಾದಿಸಹೊರಟವರಿಗೆ ಆ ಬಿಡುಗಡೆ ಇಲ್ಲ.

ವ್ಯಕ್ತಿಯನ್ನು ಕುರಿತ ಪ್ರಯೋಗದಲ್ಲಿ ಪದದ ಮೌಲ್ಯವು ಕಾಲದಿಂದ ಕಾಲಕ್ಕೆ ಬದಲಾಗಿದೆ. ಮೊದಮೊದಲು ಅದು ನಯನಾಗರಿಕತೆ ಅರಿಯದವನನ್ನು ಹೀಗಳೆಯುವ ಮಾತೇ ಆಗಿತ್ತು. ನಯಗಾರಿಕೆಯೇ ಗುಣವೆನಿಸಿದ್ದ ಸಮಾಜದಲ್ಲಿ ಅದು ಸಹಜವೂ ಹೌದು. 19ನೆಯ ಶತಮಾನದಲ್ಲಿ ತಕ್ಕಡಿ ಇನ್ನೊಂದು ಕಡೆಗೆ ವಾಲತೊಡಗಿತು. ಯಂತ್ರಗಳು ಒಂದೇ ಅಚ್ಚಿನ ನುಣುಪಾದ ವಸ್ತುಗಳನ್ನು ರಾಶಿ ಹಾಕತೊಡಗಿದಾಗ ಕೈಗೆಲಸದ ಗುರುತಿಗೆ ಬೆಲೆ ಬಂದಿತು. ಜಾನ್ ರಸ್ಕಿನ್ 1853ರಲ್ಲಿ ‘ದಿ ಸ್ಟೋನ್ಸ್ ಆಫ್ ವೆನಿಸ್’ ಗ್ರಂಥದ ಎರಡನೆಯ ಸಂಪುಟದಲ್ಲಿ ಗೋಥಿಕ್ ವಾಸ್ತುವಿನ ಲಕ್ಷಣಗಳನ್ನು ಎಣಿಸುವಾಗ ಒರಟುತನವನ್ನೇ ಮೊದಲನೆಯದಾಗಿ ಇರಿಸಿದನು. ಆ ಒರಟುತನದಲ್ಲಿ ಅವನು ಕಂಡದ್ದು ಕೆಲಸಗಾರನ ಸ್ವಾತಂತ್ರ್ಯವನ್ನು. ಪರಿಪೂರ್ಣ ನುಣುಪನ್ನು ಒತ್ತಾಯಿಸಿದರೆ ಮನುಷ್ಯನು ಆಯುಧವಾಗಿಬಿಡುತ್ತಾನೆಂಬುದು ಅವನ ವಾದ. ಅಮೆರಿಕದಲ್ಲಿ ಎಚ್. ಎಚ್. ರಿಚರ್ಡ್‌ಸನ್ನನು 1877ರಲ್ಲಿ ಪೂರ್ಣಗೊಂಡ ಬಾಸ್ಟನ್ನಿನ ಟ್ರಿನಿಟಿ ಚರ್ಚ್ ಮೊದಲಾದ ಕಟ್ಟಡಗಳಲ್ಲಿ ಒರಟು ಮುಖದ ಕಲ್ಲನ್ನು ಎದುರಿಗೇ ನಿಲ್ಲಿಸಿ ಅದಕ್ಕೆ ಘನತೆ ತಂದನು. ಕೊಡಲಿಯಿಂದ ಕಡಿದ ದಿಮ್ಮಿಗಳ ಗುಡಿಸಲಿನಲ್ಲಿ ಹುಟ್ಟಿ ಅಧ್ಯಕ್ಷ ಪದವಿಗೇರಿದ ಲಿಂಕನ್ನನ ಚಿತ್ರವೂ ಆ ದೇಶದವರ ಕಣ್ಣ ಮುಂದಿತ್ತು. ಅವನ ಮುಖವನ್ನು ಈ ವಿಶೇಷಣದಿಂದ ವರ್ಣಿಸುವುದು ಇಂಗ್ಲಿಷ್ ಬರೆಹಗಾರರಲ್ಲಿ ಸವೆದ ಅಭ್ಯಾಸವೇ ಆಗಿಹೋಗಿದೆ. ಅಲ್ಲಿ ಸೂಚಿತವಾಗುವುದು ಅಸಂಸ್ಕೃತಿಯಲ್ಲ. ಬದುಕಿನ ಏಟುಗಳು ಮೂಡಿಸಿ, ಯಾವ ಲೇಪವೂ ಮರೆಸದ ರೂಪ. ಇಂತಹ ಕಡೆ ‘ಅಸಂಸ್ಕೃತ’ ಎಂದು ಅನುವಾದಿಸುವುದು ಅನ್ಯಾಯವೆಂದೇ ಹೇಳಬೇಕು. ಒಳಾಂಗಣ ಅಲಂಕಾರದ ಜಾಹೀರಾತುಗಳಲ್ಲಿ ಯಂತ್ರದಿಂದ ಬೇಕೆಂದೇ ಕಚ್ಚು ಹಾಕಿದ ಹಲಗೆಗೂ ಇದೇ ಹೆಸರು ಸಲ್ಲುತ್ತಿರುವುದು ಪದದ ಈಚಿನ ದುರ್ಗತಿ.

ಕನ್ನಡದಲ್ಲಿ ಇದಕ್ಕೆ ಹೊಂದುವ ಕ್ರಿಯಾಪದ ‘ಕೆತ್ತು’. ತಮಿಳು ಮತ್ತು ಮಲಯಾಳಗಳ ‘ಚೆತ್ತು’ ಇದರ ಜ್ಞಾತಿರೂಪ. ಪೂರ್ವಸ್ವರಗಳ ಮೊದಲು ಕನ್ನಡದ ಕಕಾರವು ಆ ಭಾಷೆಗಳಲ್ಲಿ ತಾಲವ್ಯವಾಗುವುದು ‘ಕಿವಿ’-‘ಚೆವಿ’ಗಳಲ್ಲಿರುವಂತೆ ಕ್ರಮಬದ್ಧವಾದುದು. ಮಲಯಾಳದಲ್ಲಿ ಅದು ಹೆಂಡ ಇಳಿಸಲು ಮರದ ಹೊಂಬಾಳೆ ಸವರುವುದಕ್ಕೂ ಸಲ್ಲುತ್ತದೆ. ಕನ್ನಡದಲ್ಲಿಯೂ ಎಳನೀರು ಕೆತ್ತುತ್ತಾರೆ, ಗೂಟ ಕೆತ್ತುತ್ತಾರೆ, ಮರದ ತೊಗಟೆ ಕೆತ್ತುತ್ತಾರೆ. ಇವೆಲ್ಲ ಆಯುಧ ಬೀಸಿ ಚಕ್ಕೆ ಎಬ್ಬಿಸುವ ಕೆಲಸಗಳು, ‘ಹ್ಯೂ’ ಎಂಬುದರ ಮೂಲಾರ್ಥಕ್ಕೆ ತೀರ ಸಮೀಪದವು. ತೊಡಕಿರುವುದು ಶಿಷ್ಟ ಬರೆಹದಲ್ಲಿ. ಅಲ್ಲಿ ‘ಕೆತ್ತನೆ’ ಎಂದೊಡನೆ ಬೇಲೂರು, ಹಳೇಬೀಡುಗಳ ಕುಸುರಿ ಕಣ್ಣಿಗೆ ಕಟ್ಟುತ್ತದೆ. ‘ಕೆತ್ತಿದ ಕಲ್ಲು’ ಎಂದರೆ ಪೂರ್ಣಗೊಂಡ ಶಿಲ್ಪವೆಂದೇ ಗ್ರಹಿಸಲಾಗುತ್ತದೆ. ಹೀಗಾಗಿ ‘ಒರಟಾಗಿ ಕೆತ್ತಿದ’ ಎಂಬ ಪ್ರಯೋಗವು ಕೆಟ್ಟ ಶಿಲ್ಪಿಯ ಮೇಲಿನ ಟೀಕೆಯಂತೆ ಕೇಳಿಸುತ್ತದೆ. ‘ಕಂಡರಿಸು’, ‘ಕಡೆ’ ಎಂಬ ಕ್ರಿಯಾಪದಗಳು ಇನ್ನೂ ನಯದ ಕಡೆಗೇ ಹೋಗುವುದರಿಂದ ಅವುಗಳಿಂದ ಪ್ರಯೋಜನವಿಲ್ಲ. ‘ಅರೆಗೆತ್ತಿದ’ ಎಂಬ ಸಮಾಸವನ್ನು ಕಲ್ಪಿಸಬಹುದಾದರೂ ಅದು ಕೆಲಸ ನಡುವೆ ನಿಂತುಹೋಯಿತೆಂಬ ಭಾವನೆ ಕೊಡುತ್ತದೆ. ಗೋಡೆಯೊಳಗಿನ ಓಕ್ ತೊಲೆಯ ಕೆಲಸ ಅರ್ಧಕ್ಕೆ ನಿಂತುದಲ್ಲ, ಬೇಕಾದಷ್ಟು ಆದುದು. ಮರದ ಸಂದರ್ಭದಲ್ಲಿ ‘ಕೊಡಲಿಗೆಲಸದ ತೊಲೆ’, ‘ಬಾಚಿ ಕಾಣದ ತೊಲೆ’ ಎಂದು ಆಯುಧವನ್ನು ಹೆಸರಿಸುವ ಮಾರ್ಗವು ಹೆಚ್ಚು ನಿಖರ. ವ್ಯಕ್ತಿಯ ಸಂದರ್ಭದಲ್ಲಿ ‘ಉಳಿಯ ಗುರುತು ಮಾಸದ ಮುಖ’ ಎಂಬಂತಹ ಬಿಡಿಸಿದ ರೂಪವು ಒಂಟಿ ವಿಶೇಷಣಕ್ಕಿಂತ ಮೂಲಕ್ಕೆ ನಿಷ್ಠವಾಗಿರುತ್ತದೆ.

ಕಲ್ಲಿನ ಸಂದರ್ಭದಲ್ಲಿಯಾದರೋ ಹಳೆಯ ಮೈಸೂರು ಭಾಗದ ಕಟ್ಟಡದ ಕೆಲಸದವರು ಈ ಸಮಸ್ಯೆಯನ್ನು ಎಂದೋ ಬಗೆಹರಿಸಿಕೊಂಡಿದ್ದಾರೆ. ತಳಪಾಯಕ್ಕೆ ತುಂಬುವ, ಆಯುಧ ಸೋಕದ ಅಡ್ಡಾದಿಡ್ಡಿ ಕಲ್ಲು ‘ಕಾಡುಗಲ್ಲು’. ಸುತ್ತಿಗೆ, ಉಳಿಗಳಿಂದ ಆರು ಮುಖಗಳನ್ನೂ ಸುಮಾರಾಗಿ ಸಮಮಾಡಿ, ಸಾಲುಗೂಡಿಸಲು ಬರುವಂತೆ ಅಳತೆಗೆ ತಂದು, ಉಬ್ಬುತಗ್ಗು ಹಾಗೆಯೇ ಉಳಿಸಿದ ಕಲ್ಲು ‘ಸೈಜುಗಲ್ಲು’. ಅರ್ಧ ಇಂಗ್ಲಿಷ್, ಅರ್ಧ ಕನ್ನಡದ ಈ ಪದಕ್ಕೆ ನಿಘಂಟುಕಾರರು ಮಡಿಯ ಕಾರಣದಿಂದ ಹಿಂಜರಿಯಬೇಕಾಗಿಲ್ಲ. ಮೈ ಹೇಗಿದೆ ಎಂಬ ಗೊಡವೆಗೆ ಹೋಗದೆ, ಕಲ್ಲಿನ ಮೇಲೆ ಯಾವ ಕೆಲಸ ಆಗಿದೆ ಎಂಬುದನ್ನಷ್ಟೇ ಅದು ಹೇಳುತ್ತದೆ.